ಇಂಗ್ಲಿಷಿನ ಒಂದು ಪದಕ್ಕೆ ಸ್ವೀಡಿಷಿನಲ್ಲಿ ಮೂರು ಪದ: ಯಾವುದನ್ನು ಎಲ್ಲಿ ಹಾಕಬೇಕು?

ಹೊಸಬಳು_ಸೋಲ್ನಾ:
ಎಲ್ಲರಿಗೂ ನಮಸ್ಕಾರ. ನಾವು ಸ್ಟಾಕ್‌ಹೋಮ್ ಪಕ್ಕದ ಸೋಲ್ನಾದಲ್ಲಿದ್ದೇವೆ. ನಾನು ಎಸ್‌ಎಫ್‌ಐ ಕ್ಲಾಸಿಗೆ ಹೋಗುತ್ತಿದ್ದೇನೆ, ಅಂದರೆ ಹೊರಗಿನಿಂದ ಬಂದವರಿಗೆ ಇಲ್ಲಿನ ಪುರಸಭೆ ಪುಕ್ಕಟೆ ಕಲಿಸುವ ಸ್ವೀಡಿಷ್. ವ್ಯಾಕರಣ ಹೇಗೋ ನಡೆಯುತ್ತಿದೆ. ತೊಂದರೆ ಪದಗಳದ್ದು. ಇಂಗ್ಲಿಷ್ ಪದ ಹಾಕಿ ಹುಡುಕಿದರೆ ಮೂರು ನಾಲ್ಕು ಸ್ವೀಡಿಷ್ ಪದ ಬರುತ್ತವೆ. ಯಾವುದು ಎಲ್ಲಿಗೆ ಅಂತ ಮಾತ್ರ ಗೊತ್ತಾಗುವುದಿಲ್ಲ. 'ಥಿಂಕ್' ಅಂದರೆ ತ್ಯುಕ್ಕರ್, ತ್ರೂರ್, ತೆಂಕರ್. 'ಪುಟ್' ಅಂದರೆ ಲೆಗ್ಗಾ, ಸ್ತೆಲ್ಲಾ, ಸೆತ್ತಾ. 'ನೈಸ್' ಅಂತ ಹಾಕಿದರೆ ಪಟ್ಟಿ ಮುಗಿಯುವುದೇ ಇಲ್ಲ. ಟೀಚರನ್ನು ಕೇಳಿದರೆ ಕಿವಿಗೆ ಬಿದ್ದು ಬಿದ್ದು ಅಭ್ಯಾಸ ಆಗುತ್ತದೆ ಅನ್ನುತ್ತಾರೆ. ನೀವೆಲ್ಲ ಇದನ್ನು ತಲೆಯಲ್ಲಿ ಕೂರಿಸಿಕೊಂಡಿದ್ದು ಹೇಗೆ, ಸ್ವಲ್ಪ ಹೇಳಿ.

ಉಪ್ಸಾಲಾ_ಓದುಗ:
ಒಳ್ಳೆ ಪ್ರಶ್ನೆ ಕೇಳಿದ್ದೀರಿ, ಸ್ವಲ್ಪ ಉದ್ದ ಉತ್ತರ ಬರೆಯುತ್ತೇನೆ. ನಾನು ಇಲ್ಲಿ ಅನುವಾದದ ಕೆಲಸ ಮಾಡುತ್ತೇನೆ, ದಿನಾ ಇದೇ ಗುದ್ದಾಟ.

ಮೊದಲು ಆ ಮೂರು 'ಥಿಂಕ್' ನೋಡೋಣ. ಇಂಗ್ಲಿಷನ್ನು ಒಂದು ಗಳಿಗೆ ಪಕ್ಕಕ್ಕಿಟ್ಟು ನೀವು ಕನ್ನಡದಲ್ಲಿ ಏನು ಹೇಳುತ್ತಿದ್ದಿರಿ ಅಂತ ನೋಡಿಕೊಳ್ಳಿ. "ಅಂಗಡಿ ಮುಚ್ಚಿರಬೇಕು" ಅಂತೀರಲ್ಲ, ಆ 'ಇರಬೇಕು' ಇದೆಯಲ್ಲ, ಅದು ತ್ರೂರ್. ಖಚಿತವಾಗಿ ಗೊತ್ತಿಲ್ಲ, ಊಹೆ. "ನಾಳೆ ಊರಿಗೆ ಹೋಗೋಣ ಅಂತಿದ್ದೇನೆ" ಅಂದಾಗ ಆ 'ಅಂತಿದ್ದೇನೆ' ತೆಂಕರ್: ಯಾಗ್ ತೆಂಕರ್ ಓಕಾ. ಕೂತು ಯೋಚನೆ ಮಾಡುವುದಕ್ಕೂ ಇದೇ ತೆಂಕರ್. ಉಳಿದಿದ್ದು ತ್ಯುಕ್ಕರ್. ಅದು ಅಭಿಪ್ರಾಯ. ಈ ಸಾರಿಗೆ ಉಪ್ಪು ಜಾಸ್ತಿ ಆಯಿತು, ಆ ಬಣ್ಣ ನಿಮಗೆ ಒಪ್ಪುತ್ತದೆ, ಇಂಥದ್ದಕ್ಕೆಲ್ಲ ತ್ಯುಕ್ಕರ್.

ಗೊಂದಲ ಜಾಸ್ತಿ ಆಗುವುದು ತ್ಯುಕ್ಕರ್ ಮತ್ತು ತ್ರೂರ್ ನಡುವೆ. ಯಾಕೆ ಅಂದರೆ ನಮ್ಮ 'ಅನಿಸುತ್ತೆ' ಎರಡಕ್ಕೂ ಸಲ್ಲುತ್ತದೆ. ಒಂದು ಸುಲಭದ ಪರೀಕ್ಷೆ: ನೀವು ಅದನ್ನು ನೋಡಿದ್ದೀರಾ, ತಿಂದಿದ್ದೀರಾ, ಅನುಭವಿಸಿದ್ದೀರಾ? ಹೌದಾದರೆ ತ್ಯುಕ್ಕರ್. ಸಿನಿಮಾ ನೋಡಿ ಬಂದವರು "ಯಾಗ್ ತ್ಯುಕ್ಕರ್ ಅತ್ ಫಿಲ್ಮೆನ್ ಎ ಬ್ರಾ" ಅನ್ನುತ್ತಾರೆ. ಇನ್ನೂ ನೋಡಿಲ್ಲ, ಬರೀ ಪೋಸ್ಟರ್ ನೋಡಿ ಚೆನ್ನಾಗಿರಬಹುದು ಅನ್ನುವವರು ಅದೇ ವಾಕ್ಯದಲ್ಲಿ ತ್ರೂರ್ ಹಾಕುತ್ತಾರೆ. ನೋಡದೇ ಇರುವ ಸಿನಿಮಾಕ್ಕೆ ತ್ಯುಕ್ಕರ್ ಅಂದರೆ, ಓ ನೋಡಿದ್ದೀಯಾ, ಹೇಗಿತ್ತು ಅಂತ ಎದುರಿನವರು ಮಾತು ಮುಂದುವರಿಸುತ್ತಾರೆ.

ಶೀಸ್ತಾ_ಕನ್ನಡಿಗ:
ಇಡುವುದರ ಬಗ್ಗೆ ನಾನು ಹೇಳುತ್ತೇನೆ. ಲೆಗ್ಗಾ ಅಂದರೆ ಮಲಗಿಸಿ ಇಡುವುದು, ಸ್ತೆಲ್ಲಾ ಅಂದರೆ ನಿಲ್ಲಿಸಿ ಇಡುವುದು, ಸೆತ್ತಾ ಅಂದರೆ ಕೂರಿಸುವುದು, ಸಿಕ್ಕಿಸುವುದು. ಇಟ್ಟಾದ ಮೇಲೆ ಆ ವಸ್ತು ಲಿಗ್ಗರ್, ಸ್ತೋರ್, ಸಿತ್ತರ್: ಮಲಗಿದೆ, ನಿಂತಿದೆ, ಕೂತಿದೆ. ಪುಸ್ತಕ ಮೇಜಿನ ಮೇಲೆ ಮಲಗುತ್ತದೆ, ಕಪಾಟಿನಲ್ಲಿ ನಿಲ್ಲುತ್ತದೆ. ಬೀಗದಲ್ಲಿ ಬೀಗದ ಕೈ ಕೂತಿರುತ್ತದೆ. ಚಮಚ, ಚಾಕು ಮಲಗುತ್ತವೆ. ಲೋಟ ನಿಲ್ಲುತ್ತದೆ. ಊಟದ ತಟ್ಟೆ ಇಷ್ಟು ಚಪ್ಪಟೆ ಇದ್ದರೂ ನಿಲ್ಲುತ್ತದೆ, ಏಕೆಂದರೆ ಅದಕ್ಕೆ ಕೆಳಗೆ ಒಂದು ತಳ ಇದೆ, ಆ ತಳದ ಮೇಲೆ ಅದು ಸರಿಯಾಗಿ ನಿಂತಿದೆ ಅನ್ನುವ ಲೆಕ್ಕ. ಅದೇ ತಟ್ಟೆ ಸಿಂಕಿನಲ್ಲಿ ಮಗುಚಿ ಬಿದ್ದಿದ್ದರೆ ಲಿಗ್ಗರ್. ಊರುಗಳೆಲ್ಲ ಲಿಗ್ಗರ್. ಕಾರು ಸ್ತೋರ್, ನಾವೂ ಕಾರು ನಿಂತಿದೆ ಅಂತೀವಲ್ಲ ಹಾಗೆ. ಪೇಪರಿನಲ್ಲಿ ಬಂದ ಸುದ್ದಿಯೂ ಸ್ತೋರ್.

ಸಂದೇಹ ಬಂದರೆ ಅಡುಗೆಮನೆಯಲ್ಲಿ ನಿಂತು ಒಂದೊಂದೇ ಪಾತ್ರೆ ಎತ್ತಿಡುತ್ತಾ ಬಾಯಲ್ಲಿ ಹೇಳಿಕೊಳ್ಳಿ. ಇದು ಕೈಗೆ ಬರುವ ವಿದ್ಯೆ, ಪಟ್ಟಿ ಬಾಯಿಪಾಠ ಮಾಡಿ ಪ್ರಯೋಜನ ಇಲ್ಲ.

ಲುಂಡ್_ಹುಡುಗ:
ನಾನು ಸ್ವಲ್ಪ ಬೇರೆ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಇಂಗ್ಲಿಷ್ ಪಕ್ಕಕ್ಕಿಡಿ ಅನ್ನುವುದು ಅಷ್ಟು ಸರಿ ಅನಿಸುವುದಿಲ್ಲ. ಎರಡೂ ಜರ್ಮ್ಯಾನಿಕ್ ಕುಟುಂಬದ ಭಾಷೆಗಳು. ಹೌಸ್ ಇಲ್ಲಿ ಹೂಸ್, ಬುಕ್ ಇಲ್ಲಿ ಬೂಕ್, ಆರ್ಮ್ ಆರ್ಮ್ ಆಗಿಯೇ, ಫಿಂಗರ್ ಫಿಂಗರ್ ಆಗಿಯೇ ಇದೆ. ಇಂಗ್ಲಿಷ್ ಬರುವವರಿಗೆ ಅರ್ಧ ದಾರಿ ಸವೆದ ಹಾಗೇ. ಕನ್ನಡದಿಂದ ನೇರ ಹೋಗುತ್ತೇನೆ ಅಂದರೆ ನಿಘಂಟೇ ಸಿಗುವುದಿಲ್ಲ. ಹೊಸಬರಿಗೆ ಇಂಗ್ಲಿಷೇ ಆಸರೆ.

ಉಪ್ಸಾಲಾ_ಓದುಗ:
ನಾಮಪದಗಳಿಗೆ ನೀವು ಹೇಳಿದ್ದು ಪೂರ್ತಿ ಸರಿ. ವಾಕ್ಯದ ಕ್ರಮಕ್ಕೂ ಇಂಗ್ಲಿಷ್ ಬಹಳ ಸಹಾಯ ಮಾಡುತ್ತದೆ. ಆದರೆ ದಿನಬಳಕೆಯ ಸಣ್ಣ ಪದಗಳಲ್ಲಿ ಅದೇ ಕೈ ಕೊಡುತ್ತದೆ. ಕೆಲವು ಕಡೆ ಸ್ವೀಡಿಷ್ ಮಾಡುವ ವ್ಯತ್ಯಾಸವನ್ನು ಕನ್ನಡವೂ ಮಾಡುತ್ತದೆ, ಇಂಗ್ಲಿಷ್ ಮಾಡುವುದಿಲ್ಲ. ಕನ್ನಡದಿಂದ ಇಂಗ್ಲಿಷಿಗೆ ಹೋಗಿ ಅಲ್ಲಿಂದ ಸ್ವೀಡಿಷಿಗೆ ಬರುವಾಗ ಕೈಯಲ್ಲಿದ್ದ ವ್ಯತ್ಯಾಸವನ್ನು ನಾವೇ ದಾರಿಯಲ್ಲಿ ಬಿಟ್ಟು ಬರುತ್ತೇವೆ. ಇದು ನನಗೆ ನಿಜಕ್ಕೂ ಬೇಸರ ತರುವ ವಿಷಯ.

ಎಲ್ಲಕ್ಕಿಂತ ದೊಡ್ಡ ಉದಾಹರಣೆ 'ಸಿನ್' ಮತ್ತು 'ಹಾನ್ಸ್'. ಇಂಗ್ಲಿಷಿನಲ್ಲಿ ಎರಡಕ್ಕೂ 'ಹಿಸ್'. ಹಾನ್ ಎಲ್ಸ್ಕರ್ ಸಿನ್ ಫ್ರೂ ಅಂದರೆ ಅವನು ತನ್ನ ಹೆಂಡತಿಯನ್ನು ಪ್ರೀತಿಸುತ್ತಾನೆ. ಹಾನ್ ಎಲ್ಸ್ಕರ್ ಹಾನ್ಸ್ ಫ್ರೂ ಅಂದರೆ ಬೇರೆ ಯಾರದೋ ಹೆಂಡತಿಯನ್ನು. ಇಂಗ್ಲಿಷ್ ಮಾತೃಭಾಷೆಯವರು ಇದನ್ನು ವರ್ಷಗಟ್ಟಲೆ ತಪ್ಪು ಮಾಡುತ್ತಾರೆ. ನಮಗೆ 'ತನ್ನ', 'ಅವನ' ಇದೆಯಲ್ಲ! ಇನ್ನೂ ಚೆಂದದ ವಿಷಯ ಅಂದರೆ, ಕರ್ತೃವಿನ ಜಾಗದಲ್ಲಿ ಸಿನ್ ಬರುವ ಹಾಗಿಲ್ಲ. "ಅವನೂ ತನ್ನ ಹೆಂಡತಿಯೂ ಬಂದರು" ಅಂತ ನಾವು ಹೇಳುವುದಿಲ್ಲ, "ಅವನೂ ಅವನ ಹೆಂಡತಿಯೂ" ಅಂತೀವಿ. ಸ್ವೀಡಿಷಿನಲ್ಲೂ ಅಲ್ಲಿ ಹಾನ್ಸ್ ಮಾತ್ರ.

ಒಂದೇ ಒಂದು ಎಚ್ಚರಿಕೆ. ಸಿನ್, ಸಿತ್, ಸೀನಾ ಅಂತ ಅದರ ರೂಪ ಬದಲಾಗುತ್ತದೆ, ಅದು ಒಡೆಯನನ್ನು ನೋಡಿ ಅಲ್ಲ, ಅವನ ಹತ್ತಿರ ಇರುವ ವಸ್ತುವನ್ನು ನೋಡಿ. ನಮ್ಮ 'ತನ್ನ, ತಮ್ಮ' ಒಡೆಯರನ್ನು ನೋಡಿ ಬದಲಾಗುತ್ತದೆ. ಅಲ್ಲಿ ಮಾತ್ರ ಹುಷಾರು.

ಮೈಸೂರಿನಿಂದ_ಯೋತೆಬೊರಿಗೆ:
ಅಬ್ಬಾ, 'ತನ್ನ' ವಿಷಯ ಹೊಳೆದೇ ಇರಲಿಲ್ಲ. ಆದರೆ ಮಾತಿನಲ್ಲಿ ನಾವು ಈಗ 'ಅವನ ಹೆಂಡತಿ' ಅಂತಲೇ ಎಲ್ಲ ಕಡೆ ಹೇಳಿಬಿಡುತ್ತೇವೆ ಅಲ್ವಾ? ಮನೆಯಲ್ಲಿ ಮಕ್ಕಳ ಬಾಯಲ್ಲಂತೂ 'ತನ್ನ' ಬರುವುದೇ ಇಲ್ಲ.

ನನ್ನ ಕಡೆಯಿಂದ ಇನ್ನೊಂದು ಸೇರಿಸುತ್ತೇನೆ: ನಾಡಿದ್ದು, ಮೊನ್ನೆ. ಇಂಗ್ಲಿಷಿನಲ್ಲಿ ಇವಕ್ಕೆ ನಾಲ್ಕು ಪದದ ಸರಮಾಲೆ ಬೇಕು. ಸ್ವೀಡಿಷಿನಲ್ಲಿ 'ಇ ಓವರ್‌ಮೊರ್ರೊನ್' ಅಂದರೆ ನಾಡಿದ್ದು, 'ಇ ಫೊರ್ಗೋರ್' ಅಂದರೆ ಮೊನ್ನೆ. ಮುಗಿಯಿತು.

ನೆಂಟಸ್ತಿಕೆಯೂ ಹಾಗೇ. ಆಂಟಿ ಅಂದರೆ ಯಾರು? ಇಲ್ಲಿ ಅಪ್ಪನ ತಂಗಿ ಅಥವಾ ಅಕ್ಕ ಫಾಸ್ತರ್, ಅಂದರೆ ನಮ್ಮ ಸೋದರತ್ತೆ. ಅಮ್ಮನ ಕಡೆಯವರು ಮುಸ್ತರ್, ಅಂದರೆ ಚಿಕ್ಕಮ್ಮ, ದೊಡ್ಡಮ್ಮ. ಅಮ್ಮನ ಅಣ್ಣ ತಮ್ಮಂದಿರು ಮುರ್ಬ್ರುರ್, ಅಪ್ಪನ ಅಣ್ಣ ತಮ್ಮಂದಿರು ಫಾರ್ಬ್ರುರ್. ಅಜ್ಜಿಯಲ್ಲೂ ಎರಡು, ಅಮ್ಮನ ಅಮ್ಮ ಮುರ್ಮುರ್, ಅಪ್ಪನ ಅಮ್ಮ ಫಾರ್ಮುರ್. ಪದವನ್ನು ಒಡೆದರೆ ಅಮ್ಮ-ಅಮ್ಮ, ಅಪ್ಪ-ಅಮ್ಮ ಅಂತಲೇ ಇದೆ. ನನ್ನ ಮಗಳಿಗೆ ಶಾಲೆಯಲ್ಲಿ ವಂಶವೃಕ್ಷ ಬರೆಸಿದಾಗ ಅವಳು ಒಂದೂ ತಪ್ಪಿಲ್ಲದೆ ಬರೆದಳು, ಕನ್ನಡದಲ್ಲಿ ಯಾರ ಕಡೆಯವರು ಯಾರು ಅಂತ ಅವಳಿಗೆ ಮೊದಲೇ ಗೊತ್ತಿತ್ತು. ಹಿರಿಯ ಕಿರಿಯ ಅನ್ನುವ ಭೇದ ಮಾತ್ರ ಸ್ವೀಡಿಷಿನಲ್ಲಿಲ್ಲ, ದೊಡ್ಡಪ್ಪ ಚಿಕ್ಕಪ್ಪ ಇಬ್ಬರೂ ಫಾರ್ಬ್ರುರ್.

ಹೊಸಬಳು_ಸೋಲ್ನಾ:
ಇದು ತುಂಬಾ ಉಪಯೋಗ ಆಯಿತು. 'ಒರ್ಕರ್ ಇಂತೆ', 'ಹಿನ್ನರ್ ಇಂತೆ' ಅಂತ ಕ್ಲಾಸಿನಲ್ಲಿ ದಿನಾ ಕೇಳುತ್ತೇನೆ. ನಿಘಂಟಿನಲ್ಲಿ ಎರಡಕ್ಕೂ ಇಂಗ್ಲಿಷ್ ಉದ್ದುದ್ದ ಇದೆ. ಏನು ವ್ಯತ್ಯಾಸ?

ಉಪ್ಸಾಲಾ_ಓದುಗ:
ಇದು ನನಗೆ ಬಹಳ ಪ್ರೀತಿಯ ಜೋಡಿ. ಯಾಗ್ ಒರ್ಕರ್ ಇಂತೆ ಅಂದರೆ "ನನ್ನ ಕೈಲಾಗಲ್ಲ". ಮೈಯಲ್ಲಿ ಶಕ್ತಿ ಇಲ್ಲ, ಅಥವಾ ಮನಸ್ಸು ಸೋತಿದೆ. ಯಾಗ್ ಹಿನ್ನರ್ ಇಂತೆ ಅಂದರೆ "ಪುರುಸೊತ್ತಿಲ್ಲ, ಅಷ್ಟರೊಳಗೆ ಆಗಲ್ಲ". ಬಸ್ಸು ಸಿಗುವುದಿಲ್ಲ ಅನ್ನುವಾಗಲೂ ಇದೇ ಹಿನ್ನರ್. ಇಂಗ್ಲಿಷಿನ 'ಕಾಂಟ್' ಹಿಡಿದುಕೊಂಡು 'ಕನ್ ಇಂತೆ' ಅಂದುಬಿಟ್ಟರೆ ತಪ್ಪಲ್ಲ, ಆದರೆ ಯಾಕೆ ಆಗುವುದಿಲ್ಲ ಅನ್ನುವುದು ಹೋಗಿಬಿಡುತ್ತದೆ. ಪಕ್ಕದ ಮನೆಯವರು ಕಾಫಿಗೆ ಕರೆದಾಗ ಹಿನ್ನರ್ ಇಂತೆ ಅಂದರೆ ಸಮಯ ಇಲ್ಲ ಪಾಪ ಅಂದುಕೊಳ್ಳುತ್ತಾರೆ. ಒರ್ಕರ್ ಇಂತೆ ಅಂದರೆ ನೀವು ಸುಸ್ತಾಗಿದ್ದೀರಿ ಅಂತ ಅರ್ಥ, ಕೆಲವೊಮ್ಮೆ ನಿಮ್ಮ ಜೊತೆ ಕೂರುವಷ್ಟು ಚೈತನ್ಯ ಇಲ್ಲ ಅನ್ನುವ ಹಾಗೂ ಕೇಳಿಸುತ್ತದೆ. ಯಾವುದನ್ನು ಹೇಳುತ್ತಿದ್ದೀರಿ ನೋಡಿಕೊಂಡು ಹೇಳಿ.

ಇದರ ಜೊತೆಗೆ 'ಸ್ಲಿಪ್ಪರ್' ಕಲಿತುಕೊಳ್ಳಿ. ಮಾಡಬೇಕಿದ್ದ ಕೆಲಸ ತಪ್ಪಿತು, ಸದ್ಯ ಬಚಾವಾದೆ, ಅದು ಸ್ಲಿಪ್ಪರ್. ನಾಳೆ ರಜೆ, ಬೇಗ ಏಳುವ ಕಷ್ಟ ಇಲ್ಲ ಅನ್ನುವಾಗಿನ ಆ ಸಮಾಧಾನ ಈ ಒಂದು ಪದದಲ್ಲಿದೆ.

ಲುಂಡ್_ಹುಡುಗ:
ಸರಿ, ಒಪ್ಪಿದೆ. ಆದರೆ ಕನ್ನಡವೇ ಕೈ ಕೊಡುವ ಕಡೆಯೂ ಇದೆಯಲ್ಲ. 'ಕೇಳು' ನೋಡಿ. ದಾರಿ ಕೇಳಿದರೂ ಕೇಳು, ಸಹಾಯ ಕೇಳಿದರೂ ಕೇಳು, ಹಾಡು ಕೇಳಿದರೂ ಕೇಳು, ಸದ್ದು ಕೇಳಿಸಿದರೂ ಅದೇ. ಸ್ವೀಡಿಷಿನಲ್ಲಿ ಪ್ರಶ್ನೆಗೆ ಫ್ರೋಗಾ, ಬೇಡಿಕೆಗೆ ಬೇ, ಕಿವಿಗೊಟ್ಟು ಕೇಳುವುದಕ್ಕೆ ಲ್ಯುಸ್ನಾ, ಕಿವಿಗೆ ಬೀಳುವುದಕ್ಕೆ ಹೋರಾ. ಕೊನೆಯ ಎರಡರಲ್ಲಿ ಇಂಗ್ಲಿಷೇ ಸಹಾಯ ಮಾಡುವುದು. ಫ್ರೋಗಾ ಮತ್ತು ಬೇ ನಡುವೆ ಮಾತ್ರ ಎರಡೂ ಭಾಷೆ ಕೈ ಚೆಲ್ಲುತ್ತವೆ.

'ಹೌದು' ಕೂಡ. "ಊಟ ಮಾಡಿಲ್ವಾ?" ಅಂದರೆ ನಾವು "ಹೂಂ, ಮಾಡಿಲ್ಲ" ಅಂತೀವಿ. ಇಲ್ಲಿ ಮಾಡಿಲ್ಲದಿದ್ದರೆ 'ನೇಯ್'. ಮಾಡಿದ್ದರೆ 'ಯಾ' ಅಲ್ಲ, 'ಯೂ'. ಇಲ್ಲ ಅಂತ ಕೇಳಿದವರಿಗೆ "ಇಲ್ಲ ಇಲ್ಲ, ಆಗಿದೆ" ಅಂತ ತಿರುಗಿಸಿ ಹೇಳುವ ಹೌದು ಅದು. ನಮ್ಮ ಅಭ್ಯಾಸದಲ್ಲಿ 'ಯಾ' ಅಂದರೆ ಎದುರಿನವರು ಊಟ ಬಡಿಸಬೇಕೋ ಬೇಡವೋ ಗೊತ್ತಾಗದೆ ನಿಲ್ಲುತ್ತಾರೆ.

ಶೀಸ್ತಾ_ಕನ್ನಡಿಗ:
ಕಾಫಿ ಅಂಗಡಿಯಲ್ಲಿ ಬೇಕಾಗುವ ಒಂದು ಮಾತು. 'ಅನದರ್ ಕಾಫಿ' ಅಂತ ಮನಸ್ಸಿನಲ್ಲಿಟ್ಟುಕೊಂಡು 'ಎನ್ ಅನ್ನನ್ ಕಾಫೆ' ಅನ್ನಬೇಡಿ. ಅದರ ಅರ್ಥ ಬೇರೆ ಕಾಫಿ ಕೊಡಿ, ಇದು ಬೇಡ. ಇನ್ನೊಂದು ಕಾಫಿ ಬೇಕಾದರೆ 'ಎನ್ ಕಾಫೆ ತಿಲ್'. ಎರಡನೇ ಲೋಟ ತುಂಬಿಸಿಕೊಳ್ಳುವುದಕ್ಕೆ 'ಪೋತೋರ್' ಅಂತ ಪ್ರತ್ಯೇಕ ಪದವೇ ಇದೆ, ಕಾಫಿ ಕುಡಿಯುವ ದೇಶ ಅಂದರೆ ಹೀಗಿರಬೇಕು.

'ಪ್ಲೀಸ್'ಗೆ ಪದ ಹುಡುಕಬೇಡಿ, ಕೊನೆಯಲ್ಲಿ 'ತಾಕ್' ಸೇರಿಸಿ ಸಾಕು. ನಿಘಂಟು 'ಸ್ನೆಲ್ಲಾ' ಅಂತ ಕೊಡುತ್ತದೆ, ಆದರೆ ಅದು ಮಕ್ಕಳು ಐಸ್‌ಕ್ರೀಮಿಗೆ ಗೋಗರೆಯುವ ಧ್ವನಿ. ಅಂಗಡಿಯಲ್ಲಿ ಹೇಳಿದರೆ ಏನೋ ಸಂಕಟದಲ್ಲಿದ್ದಾರೆ ಅನಿಸುತ್ತದೆ. ಹಾಗೇ ಯಾರಾದರೂ ಥ್ಯಾಂಕ್ಸ್ ಹೇಳಿದಾಗ ಇಂಗ್ಲಿಷಿನ ವೆಲ್ಕಂ ನೆನೆದು 'ವೆಲ್ಕೊಮ್ಮೆನ್' ಅನ್ನುವ ಹಾಗಿಲ್ಲ, ಅದು ಮನೆಗೆ ಬಂದವರಿಗೆ. ಇಲ್ಲಿ 'ವಾಷೋಗೂದ್'. ಏನಾದರೂ ಕೈಗೆ ಕೊಡುವಾಗ, ಊಟಕ್ಕೆ ಬನ್ನಿ ಅನ್ನುವಾಗಲೂ ಅದೇ.

ಮೈಸೂರಿನಿಂದ_ಯೋತೆಬೊರಿಗೆ:
'ಸಾರಿ' ಬಗ್ಗೆ ಯಾರೂ ಬರೆದಿಲ್ಲ, ಅದು ಮುಖ್ಯ. ಕಾಲು ತುಳಿದರೆ 'ಫೊರ್ಲೋತ್'. ದಾರಿ ಬಿಡಿ, ಒಂದು ನಿಮಿಷ ಅನ್ನುವುದಕ್ಕೆ 'ಉಷೆಕ್ತಾ'. ಆ ಸೈಜ್ ಖಾಲಿ ಆಗಿದೆ ಅಂತ ಅಂಗಡಿಯವರು ಹೇಳುವಾಗ 'ತ್ಯುವೆರ್'. ಯಾರದ್ದಾದರೂ ಮನೆಯಲ್ಲಿ ಸಾವಾಗಿದ್ದರೆ 'ಯಾಗ್ ಬೆಕ್ಲಾಗರ್ ಸೊರ್ಯೆನ್'. ಸಹೋದ್ಯೋಗಿಯ ತಂದೆ ಹೋದಾಗ ಫೊರ್ಲೋತ್ ಅಂದರೆ, ಕ್ಷಮಿಸಿ, ನನ್ನಿಂದ ಆಯಿತು ಅಂದ ಹಾಗೆ ಕೇಳಿಸುತ್ತದೆ. ಅಂಥ ಹೊತ್ತಿನಲ್ಲಿ ಪದ ಸರಿಯಾಗಿ ಬಂದರೆ ಎದುರಿನವರಿಗೆ ಎಷ್ಟೋ ಹಗುರ ಆಗುತ್ತದೆ, ಅದಕ್ಕೇ ಬರೆದೆ.

ಆಸ್ಪತ್ರೆಯ ಮಾತೂ ಹಾಗೆ. ಇಲ್ಲಿನ ಆರೋಗ್ಯ ಸಲಹೆಯ ನಂಬರ್ 1177ಕ್ಕೆ ಫೋನ್ ಮಾಡಿ ಮೈ ಹುಷಾರಿಲ್ಲ ಅನ್ನುವುದಕ್ಕೆ 'ಯಾಗ್ ಮೋರ್ ಇಲ್ಲಾ' ಅಂದರೆ ನರ್ಸ್ ಅದನ್ನು ವಾಂತಿ ಬರುವ ಹಾಗಿದೆ ಅಂತ ತೆಗೆದುಕೊಳ್ಳುತ್ತಾರೆ. ಸುಮ್ನೆ ಹುಷಾರಿಲ್ಲ ಅನ್ನುವುದಕ್ಕೆ 'ಮೋರ್ ದೋಲಿತ್'. ಔಷಧದ ಡಬ್ಬಿ ಮೇಲೆ 'ಪೆರ್ ದ್ಯುಂಗ್ನ್' ಅಂತ ಇದ್ದರೆ ಹಗಲು ರಾತ್ರಿ ಸೇರಿ 24 ಗಂಟೆಗೆ ಇಷ್ಟು ಅಂತ, ಬರೀ ಹಗಲಿನ ಲೆಕ್ಕ ಅಲ್ಲ. ಅಪಾಯಿಂಟ್‌ಮೆಂಟ್ 'ಹಾಲ್ವ್ ತ್ರೇ'ಗೆ ಅಂದರೆ ಎರಡೂವರೆಗೆ. ಮೂರೂವರೆಗೆ ಹೋಗಿ ನಿಲ್ಲಬೇಡಿ.

ಹೊಸಬಳು_ಸೋಲ್ನಾ:
ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದೇನೆ. ಇನ್ನು 'ನೈಸ್' ಒಂದು ಉಳಿಯಿತು. ಆಮೇಲೆ ಹಿರಿಯರನ್ನೂ 'ದೂ', ಅಂದರೆ ನೀನು, ಅನ್ನುವುದು ನನಗೆ ಬಾಯಿಗೇ ಬರುವುದಿಲ್ಲ. ನಮ್ಮ ಕಟ್ಟಡದಲ್ಲಿ ಒಬ್ಬರು ವಯಸ್ಸಾದ ಅಜ್ಜಿ ಇದ್ದಾರೆ, ಅವರನ್ನು ಸ್ವೀಡಿಷಿನ 'ನೀ', ಅಂದರೆ ನೀವು, ಅನ್ನಬಹುದಾ? ಅದು ಬಹುವಚನ ಅಲ್ವಾ?

ಉಪ್ಸಾಲಾ_ಓದುಗ:
ಮೊದಲು ಅಜ್ಜಿಯ ವಿಷಯ. 'ದೂ' ಅನ್ನಿ, ಸಂಕೋಚ ಬೇಡ. ಇಂಗ್ಲಿಷಿನ 'ಯೂ' ಒಳಗೆ ನೀನು ನೀವು ಎರಡೂ ಇವೆ, ಆದ್ದರಿಂದ ನಾವು ಅದನ್ನು ಸ್ವೀಡಿಷಿಗೆ ತರುವಾಗ ನಮ್ಮ 'ನೀವು' ಹುಡುಕುತ್ತೇವೆ. ಇಲ್ಲಿನ ಕಥೆ ಬೇರೆ. ಹಿಂದೆ ಹಿರಿಯರನ್ನು ನೇರವಾಗಿ ಯಾವ ಸರ್ವನಾಮದಿಂದಲೂ ಕರೆಯುತ್ತಿರಲಿಲ್ಲ. "ಡಾಕ್ಟರಿಗೆ ಕಾಫಿ ಬೇಕಾ?" ಅಂತ ಡಾಕ್ಟರ ಎದುರಿಗೇ ನಿಂತು ಕೇಳುತ್ತಿದ್ದರು. 'ನೀ' ಅನ್ನುವುದನ್ನು ಮೇಲಿನವರು ಕೆಳಗಿನವರಿಗೆ ಬಳಸುತ್ತಿದ್ದರು, ಹಾಗಾಗಿ ಅದಕ್ಕೆ ಗೌರವದ ವಾಸನೆ ಅಂಟಲಿಲ್ಲ. 1967ರಲ್ಲಿ ಸರ್ಕಾರದ ಆರೋಗ್ಯ ಮಂಡಳಿಯ ಮುಖ್ಯಸ್ಥರಾಗಿ ಬಂದ ಬ್ರೂರ್ ರೆಕ್ಸೆಡ್, ತಾವು ಸಿಬ್ಬಂದಿಯನ್ನೆಲ್ಲ ದೂ ಅಂತಲೇ ಕರೆಯುವುದಾಗಿ ಹೇಳಿದ್ದು ದೊಡ್ಡ ಸುದ್ದಿಯಾಯಿತು. ಬದಲಾವಣೆ ಅದಕ್ಕೂ ಮೊದಲೇ ಶುರುವಾಗಿತ್ತು, ಆದರೆ ಅವರ ಹೆಸರು ಅದಕ್ಕೆ ಅಂಟಿಕೊಂಡಿತು. ಈಗ ಕೆಲವು ಅಂಗಡಿಗಳಲ್ಲಿ ಚಿಕ್ಕ ವಯಸ್ಸಿನವರು ಮರ್ಯಾದೆಗೆ ಅಂತ 'ನೀ' ಅನ್ನುತ್ತಾರೆ, ಅದನ್ನು ಕೇಳಿ ಮುಖ ಸಿಂಡರಿಸುವ ಹಿರಿಯರೂ ಇದ್ದಾರೆ. ನಿಮ್ಮ ಗೌರವ ಧ್ವನಿಯಲ್ಲಿರಲಿ, ಬಾಗಿಲು ಹಿಡಿದು ನಿಲ್ಲುವುದರಲ್ಲಿರಲಿ. ಆ ಅಜ್ಜಿಗೆ ಅಷ್ಟು ಸಾಕು.

'ನೈಸ್' ವಿಚಾರ. ಚೆನ್ನಾಗಿರುವುದು ಏನು ಅಂತ ನೋಡಿ. ತಿನ್ನುವ ಕುಡಿಯುವ ವಸ್ತುವಾದರೆ 'ಗೂದ್'. ಜೊತೆಯಲ್ಲಿ ಕೂತು ಮಾತಾಡಿ ಖುಷಿಯಾಯಿತು ಅಂದರೆ 'ತ್ರೇವ್ಲಿಗ್'. ಒಳ್ಳೆ ಮನಸ್ಸಿನ ಮನುಷ್ಯ 'ಸ್ನೆಲ್'. ನೋಡೋಕೆ ಚೆನ್ನಾಗಿದ್ದರೆ 'ಸ್ನ್ಯುಗ್'. ಮೈಗೆ ಹಿತವಾದದ್ದು 'ಶೋನ್': ಬಿಸಿನೀರ ಸ್ನಾನ, ಮೆತ್ತನೆ ಹಾಸಿಗೆ, ಕೆಲಸ ಮುಗಿಸಿ ಚಪ್ಪಲಿ ಬಿಟ್ಟ ಗಳಿಗೆ. ಕತ್ತಲ ನವೆಂಬರಿನಲ್ಲಿ ಮೇಣದ ಬತ್ತಿ ಹಚ್ಚಿ ಕಂಬಳಿ ಹೊದ್ದು ಕೂತರೆ 'ಮ್ಯೂಸಿಗ್'. ಯಾವುದೂ ಹೊಳೆಯದಿದ್ದರೆ 'ಬ್ರಾ' ಅನ್ನಿ, ಯಾರೂ ಏನೂ ಅಂದುಕೊಳ್ಳುವುದಿಲ್ಲ, ಊಟಕ್ಕೆ ಮಾತ್ರ ಗೂದ್ ಅನ್ನಿ.

ಒಂದು ಸಲಹೆ: ಇಂಗ್ಲಿಷ್-ಸ್ವೀಡಿಷ್ ನಿಘಂಟಿನಲ್ಲಿ ಪದ ಸಿಕ್ಕ ಮೇಲೆ ಅಲ್ಲಿಗೇ ನಿಲ್ಲಬೇಡಿ. ಸ್ವೀಡಿಷ್ ಅಕಾಡೆಮಿಯ ನಿಘಂಟುಗಳು ಸ್ವೆನ್ಸ್ಕಾ ಡಾಟ್ ಎಸ್‌ಇ ಅನ್ನುವ ಒಂದೇ ತಾಣದಲ್ಲಿ ಪುಕ್ಕಟೆ ಸಿಗುತ್ತವೆ. ಅದರಲ್ಲಿ ಎಸ್‌ಒ ಅನ್ನುವ ನಿಘಂಟು ತೆರೆದು ಉದಾಹರಣೆ ವಾಕ್ಯಗಳನ್ನು ಓದಿ. ಅದು ಈಗಲೇ ಭಾರ ಅನಿಸಿದರೆ ಲೆಕ್ಸಿನ್ ನೋಡಿ, ಹೊಸಬರಿಗಾಗಿಯೇ ಮಾಡಿದ್ದು, ಚಿತ್ರ ಇದೆ, ಉಚ್ಚಾರವೂ ಕೇಳಿಸುತ್ತದೆ.

ಶೀಸ್ತಾ_ಕನ್ನಡಿಗ:
ಉಚ್ಚಾರ ಅಂದಿರಲ್ಲ, ಒಂದು ಖುಷಿಯ ವಿಷಯ. 'ಬಾಣ್' ಅಂದರೆ ಮಕ್ಕಳು, 'ಬೂಡ್' ಅಂದರೆ ಮೇಜು. ಬರಹದಲ್ಲಿ ಅಲ್ಲಿ ರ ಇದೆ, ಆದರೆ ರ ಮುಂದಿನ ಅಕ್ಷರದ ಜೊತೆ ಕೂಡಿ ನಮ್ಮ ಟ, ಡ, ಣ ಆಗುತ್ತದೆ. ಇಂಗ್ಲಿಷರು ಇದಕ್ಕೆ ನಾಲಿಗೆ ಹೊರಳಿಸೋಕೆ ಒದ್ದಾಡುತ್ತಾರೆ. ನಮಗೆ ಹುಟ್ಟಿನಿಂದ ಬಂದಿದೆ.

ಲುಂಡ್_ಹುಡುಗ:
ನಮ್ಮ ಸ್ಕೋನೆ ಕಡೆ ಆ ಣ ಕೇಳಿಸುವುದಿಲ್ಲ ಸ್ವಾಮಿ. ಇಲ್ಲಿ ರ ಗಂಟಲಿನಿಂದ ಬರುತ್ತದೆ, ಮುಂದಿನ ಅಕ್ಷರ ಹಾಗೇ ಉಳಿಯುತ್ತದೆ. ಲುಂಡ್, ಮಾಲ್ಮೊಗೆ ಬರುವವರು ಅದಕ್ಕೆ ಕಿವಿ ಸಿದ್ಧ ಮಾಡಿಕೊಳ್ಳಿ.

ಬೆಂಗಳೂರಿಂದ_ಓದುತ್ತಿರುವೆ:
ನಾನು ಸ್ವೀಡನ್ನಿನಲ್ಲಿಲ್ಲ, ಬೆಂಗಳೂರಿನಿಂದ ಅಲ್ಲಿನ ಟೀಮಿನ ಜೊತೆ ಕೆಲಸ ಮಾಡುತ್ತೇನೆ. ಅವರು ಇಂಗ್ಲಿಷಿನಲ್ಲೇ ಬರೆಯುತ್ತಾರೆ, ಆದರೂ ಅರ್ಥ ಹೊಂದುವುದಿಲ್ಲ. ಹೋದ ತಿಂಗಳು "ಈವೆಂಚುವಲಿ ಶುಕ್ರವಾರ ಕಳಿಸುತ್ತೇವೆ" ಅಂತ ಮೇಲ್ ಬಂತು. ಶುಕ್ರವಾರ ಬಂದೇ ಬರುತ್ತದೆ ಅಂತ ಇಡೀ ಟೀಮ್ ಕಾದು ಕೂತಿತ್ತು, ಏನೂ ಬರಲಿಲ್ಲ. ಕೇಳಿದರೆ, ನಾವು ಖಚಿತ ಅಂತ ಹೇಳಿರಲಿಲ್ಲವಲ್ಲ ಅಂದರು. ಇದು ಭಾಷೆಯ ತೊಂದರೆಯಾ?

ಉಪ್ಸಾಲಾ_ಓದುಗ:
ಹೌದು, ಪೂರ್ತಿ ಭಾಷೆಯದ್ದೇ. ಸ್ವೀಡಿಷಿನಲ್ಲಿ 'ಎವೆಂತುಎಲ್ತ್' ಅಂದರೆ 'ಬಹುಶಃ'. ಅವರು ಅದನ್ನೇ ಇಂಗ್ಲಿಷಿಗೆ ಇಳಿಸಿದ್ದಾರೆ. ಅವರ ಮನಸ್ಸಿನಲ್ಲಿದ್ದದ್ದು "ಸಾಧ್ಯವಾದರೆ ಶುಕ್ರವಾರ ಕಳಿಸುತ್ತೇವೆ". ಇನ್ನೂ ಎರಡು ಇಂಥವು ನೆನಪಿಟ್ಟುಕೊಳ್ಳಿ. 'ಸೆಮೆಸ್ತರ್' ಅಂದರೆ ರಜೆ. 'ಶೇಫ್' ಅಂದರೆ ಮೇಲಧಿಕಾರಿ, ಅಡುಗೆಯವರಲ್ಲ, ಅಡುಗೆಯವರು 'ಕೊಕ್'. ಅವರ ಇಂಗ್ಲಿಷ್ ಮೇಲಿನಲ್ಲಿ 'ಚೆಫ್ ಒಪ್ಪಬೇಕು' ಅಂತ ಬಂದರೆ ಮ್ಯಾನೇಜರ್ ಒಪ್ಪಬೇಕು ಅಂತ.

ಮುಂದಿನ ಸಲ ಆ 'ಈವೆಂಚುವಲಿ' ಕಂಡ ಕೂಡಲೇ, ಶುಕ್ರವಾರ ಖಚಿತವಾ ಅಥವಾ ಬಹುಶಃ ಅಂತಾನಾ, ಒಂದೇ ಸಾಲಿನಲ್ಲಿ ತಿರುಗಿ ಕೇಳಿ. ಇಲ್ಲಿ ಹಾಗೆ ನೇರವಾಗಿ ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ.

ಬೆಂಗಳೂರಿಂದ_ಓದುತ್ತಿರುವೆ:
ಹಾಗಾದರೆ ಇವತ್ತೇ ಕೇಳುತ್ತೇನೆ. ಈ ವಾರದ ಮೇಲಿನಲ್ಲೂ ಅದೇ ಪದ ಇದೆ.